ನೂರ ಹದಿನೆಂಟನೆಯ ತುಂಡು

ನಮ್ಮ ಗಾಬ್ರೊವೊ ಊರಿನವರು ಜಿಪುಣರೆಂಬುದು ಇಡೀ ಬಲ್ಗೇರಿಯಾಕ್ಕೆ ಗೊತ್ತು. ಬಾಗಿಲು ಬೇಗ ಮುಚ್ಚಿ ಮನೆಯ ಬಿಸಿ ಉಳಿಯಲೆಂದು ಬೆಕ್ಕಿನ ಬಾಲ ಕತ್ತರಿಸುತ್ತೇವಂತೆ, ಸವೆಯಬಾರದೆಂದು ರಾತ್ರಿ ಗಡಿಯಾರ ನಿಲ್ಲಿಸುತ್ತೇವಂತೆ. ಈ ಕಥೆಗಳನ್ನು ಬೇರೆಯವರು ಕಟ್ಟಿದ್ದಲ್ಲ, ನಾವೇ ಕಟ್ಟಿಕೊಂಡದ್ದು. ಹೊರಗಿನವರಿಗೆ ಒಪ್ಪಿಸಿದರೆ ಕೂಲಿ ಕೇಳುತ್ತಾರೆ. ಇವುಗಳಲ್ಲಿ ಎಷ್ಟು ನಿಜವೋ ನಾನು ಹೇಳಲಾರೆ. ಆದರೆ ಒಂದು ತಟ್ಟೆ ಬಾನಿತ್ಸಾ ಉಳಿಸಲು ಹೋಗಿ ಒಂದು ಪ್ರೋಗ್ರಾಮಿಂಗ್ ಭಾಷೆಗೇ ಸುಳ್ಳು ಹೇಳಲು ಕಲಿಸಿದ ಮನುಷ್ಯನೊಬ್ಬ ಈ ಊರಲ್ಲಿದ್ದಾನೆ ಎಂಬುದು ಮಾತ್ರ ಖಂಡಿತ. ಅವನ ಹೆಸರು ಸ್ವಿಲೆನ್. ಅಂದರೆ ನಾನು.

ಆ ಭಾಷೆಯ ಹೆಸರು ಲಿಪಾ. ಹೆಣಿಗೆ ಯಂತ್ರಗಳಿಗೆ ಏನು ಹೆಣೆಯಬೇಕೆಂದು ಹೇಳುವ ಭಾಷೆ ಅದು. ಸ್ವೆಟರು, ಕಾಲುಚೀಲ, ಶಾಲು, ಏನು ಬೇಕಾದರೂ ಅದರಲ್ಲಿ ಬರೆಯಬಹುದು. ಯಾಂತ್ರಾ ನದಿಯ ದಂಡೆಯಲ್ಲಿರುವ ಹಳೆಯ ಉಣ್ಣೆ ಗಿರಣಿಯ ಎರಡನೇ ಮಹಡಿಯಲ್ಲಿ ನಾವು ಐದು ಜನ ಕೂತು ಅದನ್ನು ಸಾಕುತ್ತೇವೆ. ಭಾಷೆ ಹುಟ್ಟಿಸಿದವನು ಯಾವೋರ್, ನಮ್ಮ ಯಜಮಾನ. ಅದು ದಾರಿ ತಪ್ಪದಂತೆ ಹತ್ತೊಂಬತ್ತು ವರ್ಷ ಕಾದವರು ಲೇಲ್ಯಾ ಝಿವ್ಕಾ. ಲೇಲ್ಯಾ ಅಂದರೆ ಚಿಕ್ಕಮ್ಮ. ನನಗೆ ಅವರು ರಕ್ತಸಂಬಂಧವೇನಲ್ಲ, ಆದರೆ ಅವರ ಎದುರು ಬರೀ ಹೆಸರು ಹಿಡಿದು ಕರೆಯುವ ಧೈರ್ಯ ಊರಿನ ಮೇಯರಿಗೂ ಇಲ್ಲ.

ಭಾಷೆಗೆ ಏನಾದರೂ ಹೊಸದು ಸೇರಿಸಿದಾಗ ಹಳೆಯದು ಮುರಿಯಿತೇ ಎಂದು ನೋಡಬೇಕಲ್ಲ, ಅದಕ್ಕೆ ಟೆಸ್ಟ್‌ಗಳಿರುತ್ತವೆ. ಒಂದು ಟೆಸ್ಟ್ ಅಂದರೆ ಒಂದು ಪುಟ್ಟ ಪ್ರೋಗ್ರಾಂ, ಅದರ ಪಕ್ಕದಲ್ಲಿ ಅದಕ್ಕೆ ಬರಬೇಕಾದ ಉತ್ತರ. ಕಂಪ್ಯೂಟರು ಪ್ರೋಗ್ರಾಂ ಓಡಿಸಿ, ಬಂದ ಉತ್ತರವನ್ನು ಬರಬೇಕಾದ ಉತ್ತರದ ಜೊತೆ ಹೋಲಿಸುತ್ತದೆ. ಎರಡೂ ಒಂದೇ ಆದರೆ ಗೋಡೆಯ ಮೇಲಿನ ಪರದೆಯಲ್ಲಿ ಹಸಿರು, ಬೇರೆಯಾದರೆ ಕೆಂಪು. ಇಂಥ ಟೆಸ್ಟ್‌ಗಳ ದೊಡ್ಡ ಕಂತೆಯೇ ನಮ್ಮಲ್ಲಿದೆ. ಅದರ ಒಡತಿ ಝಿವ್ಕಾ.

ಅವರು ಟೆಸ್ಟ್ ಬರೆಯುವ ರೀತಿ ಜಗತ್ತಿನಲ್ಲಿ ಬೇರೆ ಯಾರದ್ದೂ ಇರಲಾರದು. ಗಿರಣಿ ನಡೆಯುತ್ತಿದ್ದ ಕಾಲದಲ್ಲಿ ಅವರು ಅಲ್ಲಿ ವಿನ್ಯಾಸ ವಿಭಾಗದ ಮೇಲ್ವಿಚಾರಕಿಯಾಗಿದ್ದವರು. ಮೊದಲು ಎರಡು ಕಡ್ಡಿ ಹಿಡಿದು ಅಂಗೈಯಗಲದ ಒಂದು ತುಂಡು ಹೆಣೆಯುತ್ತಾರೆ. ಆಮೇಲೆ ಅದರ ಒಂದೊಂದು ಕುಣಿಕೆಯನ್ನೂ ಬೆರಳಿಟ್ಟು ಎಣಿಸಿ ಚೌಕದ ಹಾಳೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತಾರೆ. ಅದೇ ಬರಬೇಕಾದ ಉತ್ತರ. ಅಷ್ಟಾದ ಮೇಲೆ ಪ್ರೋಗ್ರಾಂ ಬರೆದು ಓಡಿಸುತ್ತಾರೆ. ತುಂಡಿಗೆ ಒಂದು ಸಂಖ್ಯೆಯ ಚೀಟಿ ಪಿನ್ನು ಮಾಡಿ ತಗಡಿನ ಪೆಟ್ಟಿಗೆಗೆ ಹಾಕುತ್ತಾರೆ.

"ಯಂತ್ರಾನ ಕೇಳೋಕ್ಮುಂಚೆ ಉತ್ತರ ನಿನಗೆ ಗೊತ್ತಿರ್ಬೇಕು ಕಣೋ" ಎನ್ನುತ್ತಿದ್ದರು ನನಗೆ. "ಇಲ್ದಿದ್ರೆ ಅದು ಹೇಳಿದ್ದಕ್ಕೆಲ್ಲ ಹೂಂ ಅಂತ ಕೂತ್ಕೋತೀಯ."

ಹೀಗೆ ಹತ್ತೊಂಬತ್ತು ವರ್ಷಕ್ಕೆ ಮುನ್ನೂರ ಹನ್ನೆರಡು ಟೆಸ್ಟ್. ಒಂದು ವಿಷಯಕ್ಕೆ ಒಂದೇ ಟೆಸ್ಟ್, ಎರಡನೆಯದಿಲ್ಲ. ಗಾಬ್ರೊವೊದ ಹೆಂಗಸು ಒಂದೇ ಮಾತಿಗೆ ಎರಡು ಸಲ ಉಣ್ಣೆ ಖರ್ಚು ಮಾಡುವುದಿಲ್ಲ.

ಇನ್ನು ಬಾನಿತ್ಸಾ. ನಾಲ್ಕು ವರ್ಷದ ಹಿಂದೆ ಯಾವೋರ್ ರಾಜಧಾನಿಯಲ್ಲಿ ಯಾವುದೋ ಸಮ್ಮೇಳನಕ್ಕೆ ಹೋಗಿ ಬಂದು ಒಂದು ನಿಯಮ ತಂದ. ಯಾರ ಹೆಸರಿನಲ್ಲಿ ಪರದೆ ಕೆಂಪಾಗುತ್ತದೋ ಅವರು ಮಾರನೆಯ ಬೆಳಿಗ್ಗೆ ಎಲ್ಲರಿಗೂ ಒಂದು ದೊಡ್ಡ ತಟ್ಟೆ ಬಾನಿತ್ಸಾ ತರಬೇಕು, ಬಿಳಿ ಚೀಸು, ಮೊಟ್ಟೆ, ಬೆಣ್ಣೆ ಎಲ್ಲ ಹಾಕಿ, ಪದರ ಪದರವಾಗಿ. ಬೇರೆ ಊರುಗಳಲ್ಲಿ ಈ ನಿಯಮದಿಂದ ಜನ ಎಚ್ಚರಿಕೆ ಕಲಿತರಂತೆ. ನಮ್ಮಲ್ಲಿ ಚಾಲಾಕಿ ಕಲಿತರು. ಕರೆಂಟ್ ಏರುಪೇರಾಯಿತು ಎಂದವರುಂಟು, ಕಂಪ್ಯೂಟರಿಗೆ ಬಿಸಿಲು ಬಿತ್ತು ಎಂದವರುಂಟು. ನಾಲ್ಕು ವರ್ಷದಲ್ಲಿ ಆ ಮಹಡಿಗೆ ಒಂದೇ ಒಂದು ಬಾನಿತ್ಸಾ ಬರಲಿಲ್ಲ. ನನ್ನ ಹೆಸರಿನಲ್ಲಂತೂ ಪರದೆ ಒಮ್ಮೆಯೂ ಕೆಂಪಾಗಿರಲಿಲ್ಲ. ಅದನ್ನು ನಾನು ಪದಕದ ಹಾಗೆ ಹೇಳಿಕೊಂಡು ತಿರುಗುತ್ತಿದ್ದೆ.

ಕಳೆದ ವರ್ಷ ಫೆಬ್ರವರಿಯಲ್ಲಿ ಯಾವೋರ್ ಎಲ್ಲರನ್ನೂ ಕೂರಿಸಿಕೊಂಡು ಎರಡು ಸುದ್ದಿ ಹೇಳಿದ. ಭಾಷೆಯ ಎರಡನೇ ಆವೃತ್ತಿ ಸಿದ್ಧವಾಗುತ್ತಿದೆ, ಲೆಕ್ಕ ಮಾಡುವ ಭಾಗವನ್ನೆಲ್ಲ ತಾನೇ ಹೊಸದಾಗಿ ಬರೆದಿದ್ದೇನೆ, ಮೊದಲಿಗಿಂತ ಮೂರುಪಟ್ಟು ವೇಗ. ಮತ್ತೆ, ಮಾರ್ಚ್ ಕೊನೆಗೆ ಲೇಲ್ಯಾ ಝಿವ್ಕಾ ನಿವೃತ್ತರಾಗುತ್ತಾರೆ.

"ಕಂತೆ ಯಾರಿಗೆ ಒಪ್ಪಿಸೋದು ಅಂತ ಇನ್ನೂ ಯೋಚ್ನೆ ಮಾಡಿಲ್ಲ" ಎಂದ. "ಆದ್ರೆ ಮುನ್ನೂರು ಟೆಸ್ಟ್ ಸಾಲದು ಕಣ್ರಪ್ಪಾ. ಬೇರೆ ಭಾಷೆಗಳಿಗೆ ಸಾವಿರಗಟ್ಟಲೆ ಇರ್ತವೆ. ಯಾರು ಬೆಳೆಸಿ ತೋರಿಸ್ತಾರೋ ನೋಡೋಣ."

ನನಗೆ ಆ ಕೆಲಸ ಬೇಕಿತ್ತು. ಬಹಳ ಬೇಕಿತ್ತು. ಒಂಬತ್ತು ವರ್ಷ ಆ ಹೆಂಗಸಿನ ಪಕ್ಕದ ಮೇಜಿನಲ್ಲಿ ಕೂತಿದ್ದೆ. ಒಂಬತ್ತು ವರ್ಷದಲ್ಲಿ ನನ್ನ ಕೆಲಸ ನೋಡಿ ಅವರು ಹೇಳಿದ ಅತಿ ದೊಡ್ಡ ಹೊಗಳಿಕೆ "ಕಿಟಕಿ ಮುಚ್ಚು, ಗಾಳಿ ಬರ್ತಿದೆ." ಒಂದೇ ಒಂದು ಸಲ ಅವರ ಬಾಯಲ್ಲಿ "ಪರವಾಗಿಲ್ಲ" ಅನ್ನಿಸಿಕೊಳ್ಳಬೇಕು ಎಂಬುದು ನನ್ನ ಆಸೆ. ಮೂವತ್ತೊಂಬತ್ತು ವರ್ಷದ ಗಂಡಸು ಹೀಗೆ ಬರೆದುಕೊಳ್ಳಲು ನಾಚಿಕೆಪಡಬೇಕು. ನಾಚಿಕೆ ಪಟ್ಟುಕೊಂಡೇ ಬರೆಯುತ್ತಿದ್ದೇನೆ.

ಮಾರ್ಚ್ ಒಂದರಂದು ಎಲ್ಲರೂ ಒಬ್ಬರಿಗೊಬ್ಬರು ಮಾರ್ತೆನಿತ್ಸಾ ಕಟ್ಟಿದೆವು. ಕೆಂಪು ಬಿಳಿ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಂಡರೆ ವರ್ಷದ ಮೊದಲ ಕೊಕ್ಕರೆಯನ್ನು ಕಣ್ಣಾರೆ ಕಾಣುವವರೆಗೆ ಬಿಚ್ಚಬಾರದು. ಟೈಪ್ ಮಾಡುವಾಗ ಅದು ನನಗೆ ತೊಡಕು. ಮಾರ್ಚ್ ಎರಡಕ್ಕೇ ಬಿಚ್ಚಿಬಿಟ್ಟೆ.

"ಅಷ್ಟು ಬೇಗ ಕೊಕ್ಕರೆ ಬಂತೇನೋ?" ಎಂದು ಝಿವ್ಕಾ ಕೇಳಿದರು.

"ಬುರ್ಗಾಸ್‌ನಿಂದ ನಮ್ಮಣ್ಣ ಫೋಟೋ ಕಳಿಸಿದಾನೆ ಲೇಲ್ಯಾ. ಅಲ್ಲಿ ಒಂದು ಬಂದಿದ್ಯಂತೆ."

"ನೀನು ನೋಡಿದ್ದು ಕೊಕ್ಕರೆ ಅಲ್ಲ ಕಣೋ, ಫೋನು" ಎಂದು ತಮ್ಮ ಹೆಣಿಗೆಗೆ ತಿರುಗಿಕೊಂಡರು.

ಅವತ್ತೇ ಕಂತೆ ಬೆಳೆಸುವ ಕೆಲಸ ಶುರು ಮಾಡಿದೆ. ಟೆಸ್ಟ್‌ಗಳನ್ನು ನಾನು ಬರೆಯಲಿಲ್ಲ. ಟೆಸ್ಟ್ ಬರೆಯುವ ಒಂದು ಪ್ರೋಗ್ರಾಂ ಬರೆದೆ. ಅದು ಎಲೆ, ಹೂವು, ಬಳ್ಳಿ, ಪಟ್ಟೆಗಳನ್ನು ಹಿಂದುಮುಂದು ಮಾಡಿ, ಅಗಲ ಎತ್ತರ ಬದಲಿಸಿ, ಮೂರೇ ದಿನದಲ್ಲಿ ಎರಡು ಸಾವಿರದ ನಲವತ್ತು ಪ್ರೋಗ್ರಾಂ ಹೆತ್ತಿತು. ಸರಿ, ಬರಬೇಕಾದ ಉತ್ತರಗಳು? ಎರಡು ಸಾವಿರ ತುಂಡು ಹೆಣೆಯಲು ಝಿವ್ಕಾ ಅವರ ವೇಗದಲ್ಲಿ ನೂರಿಪ್ಪತ್ತೈದು ವರ್ಷ ಬೇಕು. ನಮ್ಮ ಟೆಸ್ಟ್ ಓಡಿಸುವ ಯಂತ್ರದಲ್ಲಿ "ಒಪ್ಪು" ಎಂಬ ಒಂದು ಆಜ್ಞೆ ಇದೆ. ಅದನ್ನು ಕೊಟ್ಟರೆ, ಈಗ ಏನು ಉತ್ತರ ಬಂದಿದೆಯೋ ಅದನ್ನೇ ಬರಬೇಕಾದ ಉತ್ತರ ಎಂದು ಬರೆದುಕೊಳ್ಳುತ್ತದೆ. ಹುಡುಗ ಬರೆದ ಉತ್ತರ ಪತ್ರಿಕೆ ನೋಡಿಕೊಂಡೇ ಮೇಷ್ಟ್ರು ಸರಿಯುತ್ತರದ ಪಟ್ಟಿ ಮಾಡಿದ ಹಾಗೆ. ಮತ್ತೆ ಅದೇ ಹುಡುಗನಿಗೆ ನೂರಕ್ಕೆ ನೂರು ಕೊಟ್ಟು ಬೆನ್ನು ತಟ್ಟಿದ ಹಾಗೆ.

ನಾನು ಒಪ್ಪು ಎಂದೆ. ಎರಡು ಸಾವಿರದ ನಲವತ್ತೂ ಹಸಿರು. ಪರದೆ ಗದ್ದೆಯಂತೆ ಕಂಗೊಳಿಸಿತು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಕೈ ತಲೆಯ ಹಿಂದೆ ಕಟ್ಟಿಕೊಂಡು ಅದನ್ನೇ ನೋಡಿದೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಆ ಹಸಿರಿನ ಮಧ್ಯೆ ಒಂದು ಕೆಂಪು ಚುಕ್ಕೆ ಇತ್ತು. ಹಳೆಯ ಕಂತೆಯ ನೂರ ಹದಿನೆಂಟನೆಯ ಟೆಸ್ಟ್. ಪಕ್ಕದಲ್ಲಿ ನನ್ನ ಹೆಸರು, ಯಾಕೆಂದರೆ ಯಾವೋರ್ ಬರೆದ ಹೊಸ ಲೆಕ್ಕದ ಭಾಗದ ಮೇಲೆ ಕಂತೆಯನ್ನು ಮೊದಲು ಓಡಿಸಿದವನು ನಾನು.

ತೆರೆದು ನೋಡಿದೆ. ಎಡಕ್ಕೆ ವಾಲಿಕೊಂಡು ಹೋಗುವ ಒಂದು ಎಲೆಬಳ್ಳಿ. ಕುಣಿಕೆಗಳನ್ನು ಹಿಂದಕ್ಕೆ ಎಣಿಸುತ್ತ ಸೊನ್ನೆಯನ್ನು ದಾಟಿದಾಗ ಬಳ್ಳಿ ಸುತ್ತು ಹೊಡೆದು ಬಲ ತುದಿಯಿಂದ ಮತ್ತೆ ಬರಬೇಕು ಎಂಬುದು ಝಿವ್ಕಾ ಅವರ ಉತ್ತರ. ಯಂತ್ರದ ಉತ್ತರದಲ್ಲಿ ಎಲೆಯ ಅರ್ಧ ಮಾಯವಾಗಿ, ಉಳಿದರ್ಧ ಎಡ ಅಂಚಿನಲ್ಲೇ ಗುಡ್ಡೆ ಬಿದ್ದಿತ್ತು. ನೋಡಿದವರಿಗೆ ಯಾವುದು ಎಲೆ, ಯಾವುದು ಗುಡ್ಡೆ ಎಂದು ತಿಳಿಯುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ನನಗೆ ಬೇಕಾಗಿತ್ತು. ತಗಡಿನ ಪೆಟ್ಟಿಗೆ ನನ್ನ ಮೇಜಿನಿಂದ ನಾಲ್ಕೇ ಹೆಜ್ಜೆ ದೂರದಲ್ಲಿತ್ತು, ಬೀಗವೂ ಇರಲಿಲ್ಲ. ಎದ್ದು ಹೋಗಿ ನೂರ ಹದಿನೆಂಟನೆಯ ತುಂಡನ್ನು ತೆಗೆದು ನೋಡಬಹುದಿತ್ತು. ನಾನು ಏಳಲಿಲ್ಲ. ನನ್ನ ತಲೆಯಲ್ಲಿ ಆಗ ಇದ್ದದ್ದು ಎಲೆಯಲ್ಲ, ಬಾನಿತ್ಸಾ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಮುದುಕಿಯ ಕಣ್ಣು ಮಂಜು ಎಂದುಕೊಂಡೆ. ಎಣಿಸುವಾಗ ಒಂದು ಕುಣಿಕೆ ತಪ್ಪಿರಬೇಕು, ಅಷ್ಟೇ. ನನ್ನ ಎರಡು ಸಾವಿರ ಟೆಸ್ಟ್ ತಪ್ಪಾಗಿರಲು ಸಾಧ್ಯವೇ?

ಒಪ್ಪು ಎಂದೆ. ಕೆಂಪು ಚುಕ್ಕೆ ಹಸಿರಾಯಿತು.

ಆದರೆ ಝಿವ್ಕಾ ದಿನಾ ಬೆಳಿಗ್ಗೆ ಲಿಂಡನ್ ಹೂವಿನ ಕಷಾಯ ಕುಡಿಯುತ್ತ ಹಿಂದಿನ ದಿನದ ಬದಲಾವಣೆಗಳ ಪಟ್ಟಿಯನ್ನು ಪತ್ರಿಕೆ ಓದುವ ಹಾಗೆ ಓದುತ್ತಾರೆ. ಮಾರನೆಯ ಬೆಳಿಗ್ಗೆ ಲೋಟ ಕೆಳಗಿಟ್ಟರು.

"ಸ್ವಿಲೆನ್, ನೂರ ಹದಿನೆಂಟರ ಉತ್ತರ ಬದಲಾಯಿಸಿದೀಯ."

"ಹೌದು ಲೇಲ್ಯಾ. ಅದು... ಹಳೇದು ಸ್ವಲ್ಪ ತಪ್ಪಿತ್ತು ಅನ್ಸುತ್ತೆ."

"ಅನ್ಸುತ್ತೋ? ತಪ್ಪಿತ್ತೋ?"

ಯಾವೋರ್ ಕಾಫಿ ಹಿಡಿದು ಬಂದ. ಎಲ್ಲರೂ ಸುತ್ತ ಸೇರಿದರು. ಈಗ ಹಿಂದೆ ಸರಿದರೆ ನನ್ನ ಎರಡು ಸಾವಿರಕ್ಕೂ ಬೆಲೆ ಇಲ್ಲ. ಬಾಯಿ ತೆರೆದೆ.

"ನೋಡಿ ಲೇಲ್ಯಾ, ನಾನು ಎರಡು ಸಾವಿರ ಹೊಸ ಟೆಸ್ಟ್ ಸೇರಿಸಿದೀನಿ. ಅದರಲ್ಲಿ ಎಡಕ್ಕೆ ವಾಲೋ ಬಳ್ಳಿನೇ ಇನ್ನೂರಕ್ಕಿಂತ ಜಾಸ್ತಿ ಇವೆ. ಎಲ್ಲವೂ ಯಂತ್ರ ಹೇಳಿದ್ದೇ ಸರಿ ಅಂತಿವೆ. ನಿಮ್ಮದೊಂದೇ ಬೇರೆ ಹೇಳ್ತಿರೋದು."

"ಇನ್ನೂರು ಕಡೆ ಒಂದು ಮಾತು, ಒಂದು ಕಡೆ ಒಂದು ಮಾತು" ಎಂದ ಯಾವೋರ್. ತಾನು ಬರೆದ ಹೊಸ ಲೆಕ್ಕದ ಭಾಗ ಸರಿ ಎಂದು ಇನ್ನೂರು ಸಾಕ್ಷಿ ಸಿಕ್ಕಿದರೆ ಯಾವ ಯಜಮಾನ ಬೇಡ ಅನ್ನುತ್ತಾನೆ? "ವಯಸ್ಸಾಯ್ತಲ್ಲ ಲೇಲ್ಯಾ, ಒಂದು ಕುಣಿಕೆ ಹೆಚ್ಚುಕಮ್ಮಿ ಆಗಿರುತ್ತೆ ಬಿಡಿ."

ಝಿವ್ಕಾ ಪೆನ್ಸಿಲಿನ ಹಾಳೆಯನ್ನು ಕಣ್ಣಿಗೆ ಹತ್ತಿರ ತಂದು, ದೂರ ಹಿಡಿದು ನೋಡಿದರು.

"ಉತ್ತರಾನ ನೀನು ಎಣಿಸಿದ್ಯೇನೋ?" ಎಂದು ನನ್ನನ್ನು ಕೇಳಿದರು.

"ಹೂಂ" ಎಂದೆ. ಆ "ಹೂಂ" ನಾನು ಜೀವನದಲ್ಲಿ ಹೇಳಿದ ಅತಿ ಸಣ್ಣ ಮಾತು, ಎಲ್ಲ ಅರ್ಥದಲ್ಲೂ.

"ಹಾಗಾದ್ರೆ ನಾನೇ ತಪ್ಪಿರ್ಬೇಕು. ಅರವತ್ತಮೂರು ವರ್ಷದ ಕಣ್ಣು."

ವಾತಾವರಣ ತಿಳಿ ಮಾಡಲೆಂದು ಯಾವೋರ್ ನಕ್ಕ. "ಅಂದ್ಮೇಲೆ ಕೆಂಪು ನಿಮ್ಮ ಲೆಕ್ಕಕ್ಕೆ ಲೇಲ್ಯಾ. ಬಾನಿತ್ಸಾ ನಿಮ್ಮದೇ!"

ತಮಾಷೆಗೆ ಅಂದದ್ದು. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಒಂದು ಗಳಿಗೆ ಜಾಸ್ತಿ ನಕ್ಕೆ.

ಮಾರನೆಯ ಬೆಳಿಗ್ಗೆ ಝಿವ್ಕಾ ಬಟ್ಟೆ ಮುಚ್ಚಿದ ದೊಡ್ಡ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ನಾಲ್ಕು ವರ್ಷದಲ್ಲಿ ಮೊದಲ ಬಾನಿತ್ಸಾ. ಇನ್ನೂ ಬಿಸಿಯಾಗಿತ್ತು. ಅವರೇ ಕತ್ತರಿಸಿ ಎಲ್ಲರಿಗೂ ಕೊಟ್ಟರು. ತಾವು ತಿನ್ನಲಿಲ್ಲ. ನಾನು ಎರಡು ತುಂಡು ತಿಂದೆ. ತುಂಬಾ ಚೆನ್ನಾಗಿತ್ತು ಎಂದು ಹೇಳಿದೆ ಕೂಡ. ಹಾಗೆ ಹೇಳಿದ್ದು ನೆನಪಾದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಅವತ್ತಿನಿಂದ ಅವರು ಕಚೇರಿಯಲ್ಲಿ ಹೆಣಿಗೆ ಕಡ್ಡಿ ಮುಟ್ಟಲಿಲ್ಲ. ತಗಡಿನ ಪೆಟ್ಟಿಗೆಯನ್ನು ಅಳಿಯನ ಕಾರಿನಲ್ಲಿ ಮನೆಗೆ ಕಳಿಸಿಬಿಟ್ಟರು. ಒಂದು ವಾರದ ನಂತರ ದಪ್ಪ ಗಾಜಿನ ಹೊಸ ಕನ್ನಡಕ ಹಾಕಿಕೊಂಡು ಬಂದರು.

"ಚೆನ್ನಾಗಿ ಒಪ್ಪುತ್ತೆ ಲೇಲ್ಯಾ ನಿಮಗೆ" ಎಂದೆ. ನಾನು ಒಳ್ಳೆಯವನಲ್ಲವೇ, ಒಂದು ಒಳ್ಳೆಯ ಮಾತು ಆಡಬೇಡವೇ?

ಬೀಳ್ಕೊಡುಗೆಗೆ ಏನು ಕೊಡುವುದು ಎಂದು ಯೋಚಿಸಿ ಯಾವೋರ್ ಒಂದು ಉಪಾಯ ಮಾಡಿದ. ಲಿಪಾದ ಎರಡನೇ ಆವೃತ್ತಿಯಲ್ಲೇ ಬರೆದು ಯಂತ್ರದಲ್ಲಿ ಹೆಣೆದ ಒಂದು ಗುಂಡಿ ಸ್ವೆಟರ್. ಬಲ ಮಣಿಕಟ್ಟಿನಿಂದ ಹೊರಟ ಲಿಂಡನ್ ಎಲೆಬಳ್ಳಿ ಭುಜ ಹತ್ತಿ, ಬೆನ್ನು ದಾಟಿ, ಎಡ ಮಣಿಕಟ್ಟಿಗೆ ಇಳಿಯಬೇಕು. ಪ್ರೋಗ್ರಾಂ ಬರೆಯುವ ಗೌರವ ನನಗೇ. ಹೆಣೆಯುವವಳು ಪಕ್ಕದ ತ್ರ್ಯಾವ್ನಾ ಊರಿನಲ್ಲಿ ಮೂರು ಯಂತ್ರ ಇಟ್ಟುಕೊಂಡಿರುವ ಮಿನ್ಕಾ. ಉಣ್ಣೆ ಮಾತ್ರ ಕಚೇರಿಯಲ್ಲಿ ಮಿಕ್ಕಿದ್ದೇ ಆಗಬೇಕು ಎಂದ ಯಾವೋರ್. ಸ್ವೆಟರಿಗೆ ಸರಿಯಾಗಿ ಸಾಕಾಗುವಷ್ಟು ತೂಗಿ ಕಳಿಸಿದ.

ಮಾರ್ಚ್ ಕೊನೆಯ ದಿನ ಮಧ್ಯಾಹ್ನ ಮೇಜಿನ ಮೇಲೆ ಹುರಿದ ಮಾಂಸದುಂಡೆ, ಕೆಂಪು ಮೆಣಸಿನ ಲ್ಯುತೆನಿತ್ಸಾ ಚಟ್ನಿ, ಬ್ರೆಡ್ಡು, ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾ ಎಲ್ಲ ಜೋಡಿಸಿದ್ದೆವು. ಕಿಟಕಿಯ ಹೊರಗೆ ನದಿ ತುಂಬಿ ಹರಿಯುತ್ತಿತ್ತು. ಮಿನ್ಕಾ ಒಂದು ಪೊಟ್ಟಣ ಹಿಡಿದು ಬಂದಳು. ಮುಖ ಬಿಳುಚಿಕೊಂಡಿತ್ತು. ನನ್ನನ್ನು ಬಾಗಿಲ ಹಿಂದೆ ಎಳೆದಳು.

"ಸ್ವಿಲೆನ್, ನನ್ನ ಯಂತ್ರ ಕೆಟ್ಟೋಗಿದೆ ಅನ್ಸುತ್ತೆ ಕಣಪ್ಪಾ. ಮೂರು ಸಲ ಬಿಚ್ಚಿ ಹೆಣೆದೆ. ಮೂರು ಸಲಾನೂ ಎಡತೋಳು ಹಾಗೇ ಬಂತು. ಇನ್ನೊಂದ್ಸಲ ಬಿಚ್ಚಿದ್ರೆ ಉಣ್ಣೆ ತಡೆಯಲ್ಲ, ಪಿಸಿದೋಗುತ್ತೆ."

"ಏನಾಗಿದೆ?"

ಅವಳು ಉತ್ತರ ಹೇಳುವಷ್ಟರಲ್ಲಿ ಯಾವೋರ್ ಪೊಟ್ಟಣ ಕಸಿದುಕೊಂಡು ಹೋಗಿ ಝಿವ್ಕಾ ಅವರ ಮುಂದಿಟ್ಟಿದ್ದ. ಅವರು ದಾರ ಬಿಚ್ಚಿದರು, ಸುತ್ತಿ ಜೇಬಿಗೆ ಹಾಕಿಕೊಂಡರು, ಸ್ವೆಟರ್ ಎತ್ತಿ ಹಿಡಿದರು. ಬಲತೋಳು ಚೆಂದ. ಬೆನ್ನು ಚೆಂದ. ಎಡತೋಳಿನಲ್ಲಿ ಎಲೆಗಳೆಲ್ಲ ಅರ್ಧಕ್ಕೆ ಕತ್ತರಿಸಿಹೋಗಿ, ಒಂದೇ ಅಂಚಿನಲ್ಲಿ ಗುಡ್ಡೆ ಗುಡ್ಡೆಯಾಗಿ ಬಿದ್ದಿದ್ದವು.

ಮೊದಲು ಬಾಯಿಬಿಟ್ಟವನು ಯಾವೋರ್.

"ಏನ್ ಮಿನ್ಕಾ ಇದು? ಇವತ್ತಿನ ದಿನಾನೇ ಹೀಗೆ ಮಾಡೋದಾ?"

"ನನ್ನದೇ ತಪ್ಪು ಯಾವೋರಣ್ಣಾ. ಹಳೇ ಯಂತ್ರ, ಸೂಜಿಗಳು ಸವೆದಿರ್ಬೇಕು. ಬೇಸಿಗೆಯ ಆರ್ಡರ್‌ಗಳನ್ನೆಲ್ಲ ವಾಪಸ್ ಕೊಟ್ಟು ಮೊದಲು ಅದನ್ನ ಬಿಚ್ಚಿಸ್ತೀನಿ. ಲೇಲ್ಯಾ, ಕ್ಷಮಿಸ್ಬಿಡಿ, ನಿಮ್ಮ ದಿನ ಹಾಳು ಮಾಡಿದೆ." ಅವಳ ಕಣ್ಣಲ್ಲಿ ನೀರು ತುಂಬಿತು.

ಝಿವ್ಕಾ ಅವಳ ಕಡೆ ನೋಡಲಿಲ್ಲ. ಎಡತೋಳನ್ನು ಮೊಣಕಾಲ ಮೇಲೆ ಹರಡಿಕೊಂಡು, ಬೆರಳಿಟ್ಟು ಕುಣಿಕೆ ಎಣಿಸುತ್ತಿದ್ದರು. ಎಣಿಸಿ ಮುಗಿಸಿ, ಆ ದಪ್ಪ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನೂ ಸುಮ್ಮನಿರಬಹುದಿತ್ತು ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯದೆ ಇರಲಿಲ್ಲ. ಹೊಳೆಯಿತು. ಯಂತ್ರ ಮಿನ್ಕಾಳದು, ಉಣ್ಣೆ ಕಚೇರಿಯದು, ಪರದೆ ಹಸಿರು. ಆದರೆ ಮಿನ್ಕಾ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡಳು. ನನಗೆ ತಡೆಯಲಾಗಲಿಲ್ಲ.

"ಮಿನ್ಕಾ ಯಂತ್ರ ಸರಿ ಇದೆ" ಎಂದೆ. "ಭಾಷೆ ತಪ್ಪಾಗಿದೆ. ಲೇಲ್ಯಾ ಟೆಸ್ಟ್ ಅದನ್ನ ಹಿಡಿದಿತ್ತು. ನಾನು ಬಾಯಿ ಮುಚ್ಚಿಸ್ದೆ."

ಯಾವೋರ್ ಕೈಯಲ್ಲಿದ್ದ ರಾಕಿಯಾ ಕೆಳಗಿಟ್ಟ. "ನಿನ್ನ ಇನ್ನೂರು ಟೆಸ್ಟ್ ಸರಿ ಅಂದಿದ್ವಲ್ಲೋ?"

"ಉತ್ತರಗಳನ್ನ ನಾನು ಎಣಿಸಿರ್ಲಿಲ್ಲ. ಯಂತ್ರ ಹೇಳಿದ್ದನ್ನೇ ಬರ್ಕೊಂಡೆ."

"ಎಷ್ಟು ಎಣಿಸಿದ್ದೆ?"

"ಒಂದೂ ಇಲ್ಲ."

"ಎರಡು ಸಾವಿರದ ನಲವತ್ತರಲ್ಲಿ?"

"ಒಂದೂ ಇಲ್ಲ ಕಣೋ ಯಾವೋರ್."

ಅವನು ನನ್ನ ಮೇಲೆ ಕೂಗುತ್ತಾನೆ ಎಂದು ಕಾಯುತ್ತಿದ್ದೆ. ಅವನು ಕೂಗಲಿಲ್ಲ, ಯಾಕೆಂದರೆ ಆ ತಪ್ಪು ಲೆಕ್ಕ ಬರೆದವನು ಅವನು. ಆಗ ಝಿವ್ಕಾ ಮಾತಾಡಿದರು. ನಮಗೆ ಹೇಳಿದ್ದಲ್ಲ, ತೋಳಿಗೆ ಹೇಳಿದ ಹಾಗಿತ್ತು.

"ಹಾಗಾದ್ರೆ ನಾನು ಎಣಿಸಿದ್ದು ಸರಿ ಇತ್ತು." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೂರು ವಾರದಿಂದ ಕಣ್ಣಿನ ಡಾಕ್ಟ್ರ ಹತ್ರ ಓಡಾಡ್ತಿದೀನಿ ಕಣೋ. ಕಣ್ಣು ಚೆನ್ನಾಗಿದೆಯಮ್ಮಾ, ಕನ್ನಡಕ ಬೇಡ ಅಂದ್ರೂ ಕೇಳ್ದೆ ಗಲಾಟೆ ಮಾಡಿ ಬರೆಸ್ಕೊಂಡು ಬಂದೆ. ಪೆಟ್ಟಿಗೆ ತೆಗೆದು ಮುನ್ನೂರ ಹನ್ನೆರಡೂ ಮತ್ತೆ ಎಣಿಸ್ತಾ ಕೂತಿದ್ದೆ. ಎಲ್ಲಾ ತಪ್ಪಿದ್ರೆ ಏನಪ್ಪಾ ಗತಿ, ಹತ್ತೊಂಬತ್ತು ವರ್ಷ ಏನು ಮಾಡಿದ ಹಾಗಾಯ್ತು ಅಂತ."

ಅವರ ಕಣ್ಣು ಒದ್ದೆಯಾಗಿತ್ತು. ಒಂಬತ್ತು ವರ್ಷದಲ್ಲಿ ನಾನು ಅದನ್ನು ಕಂಡದ್ದು ಆಗಲೇ. ನೆಲ ಬಾಯಿಬಿಟ್ಟರೆ ಇಳಿದುಬಿಡುತ್ತೇನೆ ಅನ್ನಿಸಿತು. ಆದರೆ ಗಿರಣಿಯ ನೆಲ ಗಟ್ಟಿ, ಎರಡನೇ ಮಹಡಿ ಬೇರೆ.

"ಲೇಲ್ಯಾ, ನನ್ನ..." ಎಂದು ತೊದಲಿದೆ.

"ಸುಮ್ನಿರು." ಎದ್ದು ನಿಂತು ಸ್ವೆಟರ್ ಹಾಕಿಕೊಂಡರು. ಗುಂಡಿ ಒಂದೊಂದಾಗಿ ಕತ್ತಿನವರೆಗೆ ಹಾಕಿದರು. ಎಡತೋಳು ಚಾಚಿ ನನ್ನ ಮೂಗಿನ ಮುಂದೆ ಹಿಡಿದರು. "ಇದನ್ನ ಬಿಚ್ಚಲ್ಲ. ನೀನು ನಿಜವಾದ ಕೊಕ್ಕರೆ ನೋಡಿದ ದಿನ ಬಿಚ್ತೀನಿ. ಫೋನಲ್ಲಿ ಅಲ್ಲ."

ಆಮೇಲೆ ಮಿನ್ಕಾಳಿಗೆ ಒಂದು ತಟ್ಟೆ ಮಾಂಸದುಂಡೆ ಹಾಕಿಕೊಟ್ಟು, "ತಿನ್ನು, ನಿನ್ನ ಸೂಜಿ ಚೆನ್ನಾಗಿವೆ" ಎಂದರು.

ಯಾವೋರ್ ಲೆಕ್ಕ ಸರಿಪಡಿಸಿದ. ನನ್ನ ಎರಡು ಸಾವಿರದ ನಲವತ್ತನ್ನೂ ನಾನೇ ಅಳಿಸಿದೆ. ಹಾಕಲು ಮೂರು ದಿನ ಬೇಕಾಗಿತ್ತು, ತೆಗೆಯಲು ಮೂರು ಕ್ಷಣವೂ ಬೇಕಾಗಲಿಲ್ಲ. ಕಂತೆಯ ಯಜಮಾನಿಕೆ ನನಗೇ ಬಂತು. ಹೊಗಳಿ ಕೊಟ್ಟದ್ದಲ್ಲ, ಮಾಡಿದ್ದುಣ್ಣೋ ಮಹಾರಾಯ ಎಂದು ಕೊಟ್ಟದ್ದು. ಗಾಬ್ರೊವೊದಲ್ಲಿ ಬಡ್ತಿಗೂ ಶಿಕ್ಷೆಗೂ ಬೇರೆ ಬೇರೆ ಕುರ್ಚಿ ಮಾಡಿಸುವ ರೂಢಿಯಿಲ್ಲ.

ಪ್ರತಿ ಗುರುವಾರ ಸಂಜೆ ಝಿವ್ಕಾ ಅವರ ಅಡುಗೆಮನೆಯಲ್ಲಿ ಹೆಣಿಗೆ ಪಾಠ. ನನ್ನ ಮೊದಲ ತುಂಡು ನೋಡಿ ಅವರ ಬೆಕ್ಕು ಎದ್ದು ಹೋಯಿತು. (ಬಾಲ ಇತ್ತು, ಉದ್ದದ್ದೇ ಇತ್ತು.) ಒಂದು ತುಂಡು ನೇರವಾಗಿ ಬರಲು ಒಂದು ತಿಂಗಳಾಯಿತು. ಅಷ್ಟು ಹೊತ್ತೂ ಅವರು ಎದುರಿಗೆ ಕೂತಿರುತ್ತಿದ್ದರು, ಆ ಸ್ವೆಟರ್ ಹಾಕಿಕೊಂಡು. ಹೇಳಿದ ಹಾಗೆ ಬಿಚ್ಚಲಿಲ್ಲ. ಒಗೆದ ರಾತ್ರಿ ಒಲೆಯ ಪಕ್ಕ ಒಣಗಿಸಿ ಬೆಳಿಗ್ಗೆ ಮತ್ತೆ ಹಾಕಿಕೊಳ್ಳುವರಂತೆ. ಜುಲೈ ಬಿಸಿಲಿನಲ್ಲಿ ಶನಿವಾರದ ಸಂತೆಗೂ ಅದೇ. ಟೊಮೆಟೊ ಮಾರುವವಳು, ಜೇನು ಮಾರುವವನು, ಎಲ್ಲರೂ ಕೇಳುವವರೇ. "ಏನು ಝಿವ್ಕಾ, ತೋಳಿಗೇನಾಯ್ತು? ಯಾರು ಹೆಣೆದಿದ್ದು?"

"ನಮ್ಮ ಸ್ವಿಲೆನ್ ಬರೆದಿದ್ದು" ಎನ್ನುತ್ತಿದ್ದರು, ಸಂತೆಗೆಲ್ಲ ಕೇಳುವ ಹಾಗೆ. ನಮ್ಮಮ್ಮ ಶನಿವಾರದ ಸಂತೆಗೆ ಹೋಗುವುದನ್ನು ಬಿಟ್ಟು ಮಂಗಳವಾರಕ್ಕೆ ಬದಲಾಯಿಸಿಕೊಂಡಳು.

ಚಳಿಗಾಲ ಬಂದು ಹೋಯಿತು. ಈ ವರ್ಷದ ಮಾರ್ಚ್‌ನಲ್ಲಿ ಮಾರ್ತೆನಿತ್ಸಾ ಕಟ್ಟಿಕೊಂಡು, ಕೊಕ್ಕರೆಗಾಗಿ ಮೂರು ವಾರ ಕತ್ತೆತ್ತಿ ಕಾದು, ಕಣ್ಣಾರೆ ಕಂಡ ಮೇಲೇ ಬಿಚ್ಚಿದೆ. ಓಡಿಹೋಗಿ ಹೇಳಿದರೆ ಝಿವ್ಕಾ ನಕ್ಕರು. "ಆ ಕೊಕ್ಕರೆ ಅಲ್ಲ ಕಣೋ" ಎಂದರು. ಸ್ವೆಟರ್ ಹಾಗೇ ಉಳಿಯಿತು.

ಮೊನ್ನೆ ಜೂನ್‌ನಲ್ಲಿ ನಾನು ಕೈಯಲ್ಲಿ ಹೆಣೆದು ಬರೆದ ಇಪ್ಪತ್ತೇಳನೆಯ ಟೆಸ್ಟ್ ಓಡಿಸಿದೆ. ಕತ್ತಿನ ಪಟ್ಟಿಯದು. ಎರಡು ಸಾಲಿಗೊಮ್ಮೆ ಎರಡೂ ಬದಿಯಲ್ಲಿ ಒಂದೊಂದು ಕುಣಿಕೆ ಕಡಿಮೆಯಾಗುತ್ತ ಹೋಗಬೇಕು. ಪರದೆ ಕೆಂಪಾಯಿತು. ನನ್ನ ಹೆಸರಿನಲ್ಲಿ, ನನ್ನ ಜೀವನದಲ್ಲಿ ಎರಡನೇ ಸಲ. ಕೈ ತಾನಾಗಿ "ಒಪ್ಪು" ಎಂದು ಬರೆಯಲು ಹೋಯಿತು. ಹಳೆಯ ಚಾಳಿ. ಕೈ ಹಿಂದಕ್ಕೆಳೆದುಕೊಂಡೆ. ತುಂಡನ್ನು ಏಳು ಸಲ ಎಣಿಸಿದೆ. ನಂಬಿಕೆ ಬರಲಿಲ್ಲ. ಬಿಚ್ಚಿ ಮತ್ತೆ ಹೆಣೆದೆ, ಮತ್ತೆ ಎಣಿಸಿದೆ. ಅದೇ ಉತ್ತರ. ಯಂತ್ರ ಒಂದು ಹೇಳುತ್ತದೆ, ನನ್ನ ಬೆರಳು ಒಂದು ಹೇಳುತ್ತದೆ. ಯಾರನ್ನು ನಂಬುವುದು? ಝಿವ್ಕಾ ಆ ಮೂರು ವಾರ ಹೇಗೆ ಕಳೆದಿರಬೇಕು ಎಂದು ನನಗೆ ಆಗ ಗೊತ್ತಾಯಿತು.

ತುಂಡನ್ನು ಜೇಬಿಗೆ ಹಾಕಿಕೊಂಡು ಅವರ ಮನೆಗೆ ನಡೆದೆ. ಅಂಗಳದಲ್ಲಿ ಸ್ಟೂಲಿನ ಮೇಲೆ ನಿಂತು ಕಷಾಯಕ್ಕೆ ಲಿಂಡನ್ ಹೂ ಕೊಯ್ಯುತ್ತಿದ್ದರು. ಸುಡುಬಿಸಿಲು. ಸ್ವೆಟರಿನ ಗುಂಡಿ ಕತ್ತಿನವರೆಗೆ. ಹಣೆಯಿಂದ ಬೆವರು ಇಳಿಯುತ್ತಿತ್ತು.

"ಲೇಲ್ಯಾ, ಇದನ್ನ ಸ್ವಲ್ಪ ಎಣಿಸ್ತೀರಾ? ಯಂತ್ರ ತಪ್ಪು ಅಂತ ನನಗನ್ಸುತ್ತೆ."

"ಅನ್ಸುತ್ತೋ?"

"ಯಂತ್ರ ತಪ್ಪು."

ಅವರು ಕೆಳಗಿಳಿದು ಸ್ಟೂಲಿನ ಮೇಲೇ ಕೂತು ಎಣಿಸಿದರು, ಕನ್ನಡಕವಿಲ್ಲದೆ, ಬೆರಳಿಟ್ಟು, ಒಂದೊಂದೇ ಸಾಲು. ನಾನು ಬುಟ್ಟಿಯ ಹೂವಿನ ಮೇಲೆ ಓಡಾಡುವ ಜೇನುನೊಣ ನೋಡುತ್ತ ನಿಂತೆ. ಬಹಳ ಹೊತ್ತಾಯಿತು. ಕೊನೆಗೆ ತುಂಡನ್ನು ನನ್ನ ಕೈಗೆ ಕೊಟ್ಟರು.

"ಪರವಾಗಿಲ್ಲ" ಎಂದರು.

ನಾನು ತುಂಡನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ಅಷ್ಟರಲ್ಲಿ ಅವರು ಗುಂಡಿಗಳನ್ನು ಬಿಚ್ಚತೊಡಗಿದ್ದರು, ಮೇಲಿನಿಂದ ಒಂದೊಂದಾಗಿ.

"ಉಸ್ಸಪ್ಪಾ! ಒಂದು ವರ್ಷ ಮೂರು ತಿಂಗಳು ಬೇಯಿಸಿಬಿಟ್ಯಲ್ಲೋ ನನ್ನ!" ಸ್ವೆಟರ್ ತೆಗೆದು ಒಮ್ಮೆ ಕೊಡವಿ ನನ್ನ ಹೆಗಲ ಮೇಲೆ ಹಾಕಿದರು. "ತಗೋ, ಇನ್ಮೇಲೆ ನಿಂದು. ಎಡತೋಳು ಕಣ್ಣೆದುರಿಗೇ ಇರ್ಲಿ. ಹೋಗು, ಯಾವೋರ್‌ಗೆ ಹೇಳು. ದಾರೀಲಿ ಚೀಸು, ಬೆಣ್ಣೆ ತಗೊಂಡು ಹೋಗು, ಸೋಮವಾರ ಬಾನಿತ್ಸಾ ನಿಂದೇ."

ಭುಜಕ್ಕೆ ಬಿಗಿ, ತೋಳು ಮೊಣಕೈಗಿಂತ ಸ್ವಲ್ಪವೇ ಕೆಳಗೆ. ಹಾಕಿಕೊಂಡೇ ಹೊರಟೆ. ಶನಿವಾರ, ಸಂತೆ ತುಂಬಿತ್ತು. ಜೇನು ಮಾರುವವನು ಮೊದಲು ನನ್ನನ್ನು, ಆಮೇಲೆ ತೋಳನ್ನು ನೋಡಿದ.

"ಅಯ್ಯೋ, ಏನಪ್ಪಾ ಇದು! ಯಾರು ಮಾಡಿದ್ದು?"

"ನಾನೇ" ಎಂದು ಹೇಳಿ, ಚೀಸಿನ ಅಂಗಡಿ ಎಲ್ಲಿದೆ ಎಂದು ಕೇಳಿದೆ.